ಕೆಂಪಾಗಬಾರದಿದ್ದ ಟ್ಯೂಬ್

ಟ್ಯೂಬಿನ ಮೇಲೆ ಮಾರ್ಕರ್‌ನಲ್ಲಿ ಬರೆದಿದ್ದನ್ನು ಮೂರು ಸಲ ಓದಿದೆ. ಕಡುಗೆಂಪಾಗಿದ್ದು ಐಆರ್-29. ಪೊಕ್ಕಾಳಿ ಬರೀ ತಿಳಿಗುಲಾಬಿ. ಎಲ್ಲೋ ಲೇಬಲ್ ಅದಲುಬದಲಾಗಿದೆ ಅಂದುಕೊಂಡೆ.

ಎರಡೂ ಭತ್ತದ ತಳಿಗಳೇ. ಪೊಕ್ಕಾಳಿ ಉಪ್ಪು ತಡೆಯುವುದಕ್ಕೆ ಹೆಸರುವಾಸಿ, ಐಆರ್-29 ಉಪ್ಪಿಗೆ ಬೇಗ ಸೋಲುವಂಥದ್ದು. ಸಸಿಗಳನ್ನು ಪೋಷಕಾಂಶ ಬೆರೆಸಿದ ನೀರಿನಲ್ಲಿ ಬೆಳೆಸಿ, ಲೀಟರಿಗೆ 7 ಗ್ರಾಂ ಉಪ್ಪು ಹಾಕಿದ್ದೆ. ಆರನೇ ದಿನ ಎಲೆ ಕತ್ತರಿಸಿ ಪ್ರೋಲಿನ್ ಅಳೆಯಲು ಕೂತೆ. ಉಪ್ಪಿನ ನೀರಿನಲ್ಲಿ ಬೇರು ಮುಳುಗಿದ್ದರೂ ಗಿಡಕ್ಕೆ ಬಾಯಾರಿಕೆಯೇ. ಆಗ ಅದು ಜೀವಕೋಶದಲ್ಲಿ ಕೂಡಿಡುವ ಅಮೈನೋ ಆಮ್ಲ ಈ ಪ್ರೋಲಿನ್. ಗ್ಲುಟಮೇಟ್‌ನಿಂದ ಅದನ್ನು ತಯಾರಿಸುವ ಮೊದಲ ಕಿಣ್ವ ಪಿ5ಸಿಎಸ್. ಉಪ್ಪು ತಾಗಿದರೆ ಅದರ ಜೀನ್ ಚುರುಕಾಗುತ್ತದೆ. ಹಾಗಾದರೆ ಗಟ್ಟಿ ತಳಿಯಲ್ಲೇ ಪ್ರೋಲಿನ್ ಜಾಸ್ತಿ ಇರಬೇಕು, ಅಲ್ವಾ? ನನ್ನ ಲೆಕ್ಕ ಅದೇ ಆಗಿತ್ತು.

ಪ್ರೋಲಿನ್ ಜೊತೆ ಸೇರಿ ಕೆಂಪಾಗುವ ರಾಸಾಯನಿಕ ನಿನ್‌ಹೈಡ್ರಿನ್; ಪ್ರೋಲಿನ್ ಹೆಚ್ಚಿದ್ದಷ್ಟೂ ಕೆಂಪು ಗಾಢ. ಎಲೆಯ ರಸಕ್ಕೆ ಅದನ್ನೂ ಅಸಿಟಿಕ್ ಆಮ್ಲವನ್ನೂ ಸೇರಿಸಿ, ಕುದಿಯುವ ನೀರಿನಲ್ಲಿ ಒಂದು ಗಂಟೆ ಇಟ್ಟು, ಐಸಿನಲ್ಲಿ ತಣಿಸಿದ್ದೆ. ಆಮೇಲೆ ಟಾಲೂಯಿನ್ ಹಾಕಿ ಕುಲುಕಿ ಬಿಟ್ಟರೆ ಬಣ್ಣ ನಿಧಾನಕ್ಕೆ ಮೇಲಿನ ಪದರಕ್ಕೆ ಏರುತ್ತದೆ. ನೋಡಲು ಚೆಂದ. ಆ ದಿನ ಮಾತ್ರ ಚೆಂದ ಕಾಣಲಿಲ್ಲ.

"ಮೇಡಂ, ಲೇಬಲ್ ತಪ್ಪು ಹಾಕಿದ್ದೀನಿ ಅನ್ಸುತ್ತೆ."

ಅವರು ಟ್ಯೂಬ್ ಕಡೆ ನೋಡಲೇ ಇಲ್ಲ. "ಟ್ರೇ ನೋಡಿದ್ಯಾ?" ಅಂದರು.

ಹೋಗಿ ನೋಡಿದೆ. ಐಆರ್-29ರ ಎಲೆಗಳು ಸುರುಳಿ ಸುತ್ತಿಕೊಂಡು, ತುದಿ ಬೆಳ್ಳಗೆ ಒಣಗಿದ್ದವು. ಪೊಕ್ಕಾಳಿ ಹಸಿರಾಗಿಯೇ ಇತ್ತು.

"ಪೆಟ್ಟು ಜಾಸ್ತಿ ಬಿದ್ದಿದ್ದು ಯಾವುದಕ್ಕೆ? ಪ್ರೋಲಿನ್ ಜಾಸ್ತಿ ಇದ್ರೆ ಗಿಡ ಗಟ್ಟಿ ಅಂತ ಯಾರು ಹೇಳಿದ್ರು ನಿಂಗೆ?"

ಯಾರೂ ಹೇಳಿರಲಿಲ್ಲ. ಸುಮ್ನೆ ನಾನೇ ಅಂದುಕೊಂಡಿದ್ದೆ.

ಆದರೂ ಸಮಾಧಾನವಾಗದೆ, ಪಿ5ಸಿಎಸ್ ಜೀನ್ ಎಷ್ಟು ಚುರುಕಾಗಿದೆ ಅಂತ ಪಿಸಿಆರ್ ಪರೀಕ್ಷೆಯಲ್ಲಿ ನೋಡಲು ಉಳಿದ ಎಲೆಗಳಿಂದ ಆರ್‌ಎನ್‌ಎ ತೆಗೆದೆ. ದ್ರವ ಸಾರಜನಕದಲ್ಲಿ ಎಲೆ ಅರೆದು ಬೆರಳು ಮರಗಟ್ಟಿತು. ಪಿಸಿಆರ್‌ನಲ್ಲೂ ಅದೇ ಕಥೆ: ಪಿ5ಸಿಎಸ್ ಎರಡರಲ್ಲೂ ಏರಿತ್ತು, ಐಆರ್-29ರಲ್ಲಿ ಇನ್ನೂ ಜಾಸ್ತಿ. ಪೊಕ್ಕಾಳಿಯ ಕೆಲಸ ನಡೆಯುತ್ತಿದ್ದುದೇ ಬೇರೆ ಕಡೆ. ಸೋಡಿಯಂ ಎಲೆಗೆ ಹೆಚ್ಚು ತಲುಪದಂತೆ ಅದು ಕೆಳಗೇ ತಡೆಯುತ್ತದೆ. ನಾನು ಎಲೆಯಲ್ಲಿ ಅದರ ಗುಟ್ಟು ಹುಡುಕುತ್ತಾ ಕೂತಿದ್ದೆ.

ಮರುವಾರ ಒಣಗಿಸಿದ ಎಲೆಗಳನ್ನು ಆಮ್ಲದಲ್ಲಿ ಕರಗಿಸಿ, ಸೋಡಿಯಂ ಇದ್ದಷ್ಟೂ ಉರಿ ಹಳದಿಯಾಗುವ ಫ್ಲೇಮ್ ಫೋಟೋಮೀಟರ್‌ಗೆ ಕೊಟ್ಟೆ. ಪೊಕ್ಕಾಳಿ ಹೋದಾಗ ನೀಲಿ ಉರಿಯಲ್ಲಿ ಹಳದಿ ಎಳೆಯೊಂದು ಮಿನುಗಿತು. ಐಆರ್-29 ಹೋದಾಗ ಉರಿ ಪೂರ್ತಿ ಹಳದಿಯಾಯಿತು.