ಚಿಕ್ಕ ಮಕ್ಕಳನ್ನು ಕರೆದುಕೊಂಡು ಸಗಾಡಕ್ಕೆ ಏಕೆ ಹೋದಿರಿ?

ಫಿಲಿಪೀನ್ಸ್ ಪ್ರವಾಸ ಮುಗಿಸಿ ಬಂದಂದಿನಿಂದ ಬಂಧುಗಳೂ ಸ್ನೇಹಿತರೂ ನನ್ನನ್ನು ಕೇಳುತ್ತಿರುವ ಪ್ರಶ್ನೆ ಒಂದೇ: "ಎಂಟು ವರ್ಷದ ಮಗಳಿಗೆ ಬಂಡೆಗೆ ನೇತುಹಾಕಿದ ಶವಪೆಟ್ಟಿಗೆಗಳನ್ನು ತೋರಿಸಿದಿರಂತೆ, ಅವಳಿಗೆ ಭಯವಾಗಲಿಲ್ಲವೇ?" ಭಯವಾಗಲಿಲ್ಲ. ಏಕೆಂದರೆ ಅದನ್ನು ನಾವು ವಿಚಿತ್ರ ವಸ್ತುವೆಂದು ತೋರಿಸಲಿಲ್ಲ. ಇನ್ನೊಬ್ಬರ ಮನೆಯ ಹಿರಿಯರು ಮಲಗಿರುವ ಜಾಗಕ್ಕೆ ಹೋಗುತ್ತಿದ್ದೇವೆ ಎಂದು ಮೊದಲೇ ಹೇಳಿದ್ದೆವು.

ಸಗಾಡ ಇರುವುದು ಲುಝಾನ್ ದ್ವೀಪದ ಉತ್ತರ ಭಾಗದಲ್ಲಿ, ಕಾರ್ಡಿಲೆರಾ ಪರ್ವತಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ. ಬಾಗಿಯೊ ನಗರದಿಂದ ಬಸ್ಸಿನಲ್ಲಿ ಐದಾರು ಗಂಟೆಯ ದಾರಿ. ಆ ದಾರಿಯ ಹಾಲ್ಸೆಮಾ ಹೆದ್ದಾರಿ ಒಂದು ಕಡೆ 2,255 ಮೀಟರ್‌ವರೆಗೂ ಏರುತ್ತದೆ. ತಿರುವುಗಳಲ್ಲಿ ಮಕ್ಕಳಿಗೆ ಹೊಟ್ಟೆ ತೊಳಸುವುದು ಖಂಡಿತ. ಊರು ತಲುಪಿದ ಮೇಲೆ ಪ್ರವಾಸೋದ್ಯಮ ಕಚೇರಿಯಲ್ಲಿ ಹೆಸರು ಬರೆಸಿ, ಪರಿಸರ ಶುಲ್ಕ ಕಟ್ಟಿ, ಸ್ಥಳೀಯ ಗೈಡ್ ಒಬ್ಬರನ್ನು ಜೊತೆಗೆ ಕರೆದುಕೊಂಡೇ ಹೊರಡಬೇಕು. ಇದು ಒಳ್ಳೆಯ ನಿಯಮ.

ಸೇಂಟ್ ಮೇರಿ ಚರ್ಚಿನ ಹಿಂದಿನ ಕ್ರೈಸ್ತ ಸ್ಮಶಾನವನ್ನು ದಾಟಿ ಇಳಿದರೆ ಎಕೋ ವ್ಯಾಲಿ. ಅಲ್ಲಿ ಬೂದುಬಣ್ಣದ ಸುಣ್ಣಕಲ್ಲಿನ ಬಂಡೆಯ ಮೈಗೆ ಮರದ ಪೆಟ್ಟಿಗೆಗಳನ್ನು ಕಟ್ಟಿ ನಿಲ್ಲಿಸಿದ್ದಾರೆ; ಕೆಲವು ಮಾಸಿ ಕಲ್ಲಿನ ಬಣ್ಣಕ್ಕೇ ತಿರುಗಿವೆ. ಅವುಗಳಲ್ಲಿ ಕೆಲವು ಬಹಳ ಚಿಕ್ಕವು. "ಇದು ಪಾಪುವಿನದಾ?" ಎಂದು ಮಗಳು ಪಿಸುಗುಟ್ಟಿದಳು. ಅಲ್ಲ, ಅದು ದೊಡ್ಡವರದೇ ಎಂದರು ಗೈಡ್: ತಾಯಿಯ ಗರ್ಭದಲ್ಲಿ ಹೇಗಿದ್ದರೋ ಹಾಗೆಯೇ ಹಿಂತಿರುಗಲಿ ಎಂದು ಮಂಡಿ ಮಡಚಿ ಮಲಗಿಸುತ್ತಿದ್ದರಂತೆ. ಪೆಟ್ಟಿಗೆಗಳ ಪಕ್ಕದಲ್ಲಿ ಒಂದೆರಡು ಮರದ ಕುರ್ಚಿಗಳೂ ನೇತಾಡುತ್ತವೆ. ಮೃತದೇಹವನ್ನು ಮೊದಲು ಆ ಕುರ್ಚಿಯಲ್ಲಿ ಕೂರಿಸಿ, ಬಟ್ಟೆ ಹೊದಿಸಿ, ಹೊಗೆ ಹಾಕಿ, ಬಂಧುಗಳು ದಿನಗಟ್ಟಲೆ ಬಂದು ನೋಡಿ ಹೋಗುವವರೆಗೂ ಇರಿಸಿಕೊಳ್ಳುತ್ತಿದ್ದರು. ಮಗಳು ಬಹಳ ಹೊತ್ತು ನೋಡುತ್ತ ನಿಂತದ್ದು ಪೆಟ್ಟಿಗೆಯನ್ನಲ್ಲ, ಆ ಕುರ್ಚಿಯನ್ನು.

ಇದು ಈ ಪರ್ವತಗಳ ಮೂಲನಿವಾಸಿಗಳಾದ ಇಗೊರೊಟ್ ಜನರಲ್ಲಿ ಒಂದಾದ ಕಂಕನಾಯ್ ಸಮುದಾಯದ ಪದ್ಧತಿ. ಸತ್ತವರಿಗೆಲ್ಲ ಈ ಗೌರವ ದೊರೆಯುತ್ತಿರಲಿಲ್ಲ. ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡು, ತುಂಬು ಬಾಳು ಬಾಳಿದ ಹಿರಿಯರಿಗೆ ಇದು ಸಲ್ಲುತ್ತಿತ್ತು. ಎತ್ತರದಲ್ಲಿಟ್ಟರೆ ಪೂರ್ವಿಕರ ಆತ್ಮಗಳಿಗೆ ಹತ್ತಿರ ಎಂಬ ನಂಬಿಕೆಯ ಜೊತೆಗೆ, ಮಣ್ಣಿನ ತೇವವೂ ಪ್ರಾಣಿಗಳೂ ದೇಹವನ್ನು ಮುಟ್ಟಬಾರದೆಂಬ ಕಾಳಜಿಯೂ ಇತ್ತು. ಲುಮಿಯಾಂಗ್ ಗುಹೆಯ ಬಾಯಲ್ಲಿ ನೂರಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ. ಕೆಲವದರ ಮುಚ್ಚಳದ ಮೇಲೆ ಹಲ್ಲಿಯ ಕೆತ್ತನೆಯಿದೆ. ಇಂದು ಊರಿನ ಹೆಚ್ಚಿನವರು ಕ್ರೈಸ್ತರು, ಮಣ್ಣಿನಲ್ಲಿಯೇ ಹೂಳುತ್ತಾರೆ. ಆದರೂ ನವೆಂಬರ್ 1ರ ಸಂಜೆ ಆ ಸ್ಮಶಾನದಲ್ಲಿ ಮೇಣದಬತ್ತಿಯ ಬದಲು ಅಂಟುಭರಿತ ಪೈನ್ ಮರದ ಸೀಳುಗಳನ್ನು ಗೋರಿಗಳ ಬಳಿ ಉರಿಸುತ್ತಾರೆ. ನಾವು ಹೋದದ್ದು ಬೇರೆ ತಿಂಗಳಲ್ಲಿ, ಆ ಬೆಂಕಿಯನ್ನು ನೋಡಲಾಗಲಿಲ್ಲ ಎಂಬ ಕೊರಗು ನನಗೆ ಇನ್ನೂ ಇದೆ.

ನನಗೆ ಬೇಸರವಾದದ್ದು ಪೆಟ್ಟಿಗೆಗಳನ್ನು ಕಂಡಲ್ಲ, ಅವುಗಳಿಗೆ ಬೆನ್ನು ಹಾಕಿ ನಗುತ್ತ ಸೆಲ್ಫಿ ತೆಗೆದುಕೊಳ್ಳುತ್ತಿದ್ದ ದೊಡ್ಡವರನ್ನು ಕಂಡು. ಕಣಿವೆಯ ಹೆಸರಿನಲ್ಲಿಯೇ ಪ್ರತಿಧ್ವನಿ ಇದ್ದರೂ ಕೂಗಬೇಡಿ, ಮುಟ್ಟಬೇಡಿ, ಬೆರಳು ಮಾಡಿ ತೋರಿಸಬೇಡಿ ಎಂದು ಗೈಡ್ ಮೂರೇ ಮಾತು ಹೇಳಿದ್ದರು. ಮಕ್ಕಳಿಬ್ಬರೂ ಅದನ್ನು ಅಕ್ಷರಶಃ ಪಾಲಿಸಿದರು. ಹಾಗಾಗಿ, ಮಕ್ಕಳನ್ನು ಕರೆದೊಯ್ಯಬಹುದೇ ಎಂದು ಕೇಳುವವರಿಗೆ ಧಾರಾಳವಾಗಿ ಕರೆದೊಯ್ಯಿರಿ ಎನ್ನುತ್ತೇನೆ. ಹೋಗುವ ಹಿಂದಿನ ದಿನವೇ ಕೂರಿಸಿಕೊಂಡು ಎಲ್ಲವನ್ನೂ ವಿವರಿಸಿ.

ಮಂಡಿನೋವಿನ ಕಾರಣ ಅಮ್ಮ ಅಂದು ಕಣಿವೆಗೆ ಇಳಿದಿರಲಿಲ್ಲ. ರಾತ್ರಿ ಹೊದಿಕೆಯೊಳಗೆ ಮೊಮ್ಮಗಳು ಅಜ್ಜಿಗೆ ಎಲ್ಲವನ್ನೂ ಹೇಳುತ್ತಿದ್ದಳು. "ಪೆಟ್ಟಿಗೆ ಯಾರು ಮಾಡಿಕೊಡ್ತಾರೆ ಪುಟ್ಟಿ?" ಎಂದು ಅಮ್ಮ ಕೇಳಿದರು. "ಕೈಲಾದರೆ ಅವರೇ ಕೆತ್ತಿಕೊಳ್ತಿದ್ದರಂತೆ ಅಜ್ಜಿ." ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆಳಿಗ್ಗೆ ತಮ್ಮನ್ನೂ ಆದಷ್ಟು ಹತ್ತಿರ ಕರೆದುಕೊಂಡು ಹೋಗಬೇಕೆಂದರು. ಸ್ಮಶಾನದ ಆಚೆ, ಇಳಿಜಾರು ಶುರುವಾಗುವ ಮೊದಲು, ದೂರದಿಂದ ಬಂಡೆ ಕಾಣುವ ಜಾಗವೊಂದಿದೆ. ಅಲ್ಲಿ ನಿಂತು ಅಮ್ಮ ಕಣ್ಣು ಕಿರಿದು ಮಾಡಿ, "ಆ ಕುರ್ಚಿ ಎಲ್ಲಿ?" ಎಂದು ಕೇಳಿದಾಗ, ಮಗಳು ಎತ್ತಿದ ಕೈಯನ್ನು ತಟ್ಟನೆ ಇಳಿಸಿ, ಗದ್ದದಿಂದ ದಿಕ್ಕು ತೋರಿಸಿದಳು.