ನನ್ನ ಹಳೇ ಮಿಲಿಟರಿ ಟ್ರಕ್ ನೋಡಿದವರೆಲ್ಲ ಕೇಳುವುದು ಒಂದೇ: ಲೀಟರಿಗೆ ಎಷ್ಟು ಕೊಡುತ್ತೆ?

ಮೂರೂವರೆ ಕಿಲೋಮೀಟರ್. ರಸ್ತೆ ಚೆನ್ನಾಗಿದ್ದು, ಗಾಡಿ ಖಾಲಿಯಿದ್ದು, ಕಾರ್ಬ್ಯುರೇಟರ್ ಹದದಲ್ಲಿದ್ದರೆ ನಾಲ್ಕು. ಘಾಟಿ ಹತ್ತುವಾಗ ಮೂರು, ಕೆಲವೊಮ್ಮೆ ಅದೂ ಇಲ್ಲ. ಚಿಕ್ಕಮಗಳೂರಿನಿಂದ ಬೇಲೂರಿನ ಮೇಲೆ ಹಾಸನಕ್ಕೆ ಸುಮಾರು 60 ಕಿ.ಮೀ. ಹೋಗುವುದಕ್ಕೇ 15ರಿಂದ 20 ಲೀಟರ್ ಪೆಟ್ರೋಲ್ ಲೆಕ್ಕ ಹಾಕಿಕೊಳ್ಳಿ. ಉತ್ತರ ಸಿಕ್ಕಿತಲ್ಲ? ಇನ್ನು ಬಂಕಿನಲ್ಲಿ, ಸಂತೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳಬೇಡಿ.

ಕೇಳುವ ಧಾಟಿಯೂ ಅಷ್ಟೇ. "ಅಣ್ಣಾ, ಎಷ್ಟು ಕೊಡುತ್ತೆ?" ಅಂತಾರೆ, ಕೊಟ್ಟಿಗೆಯಲ್ಲಿ ಕಟ್ಟಿದ ಎಮ್ಮೆ ಮುಂದೆ ನಿಂತ ಹಾಗೆ. ಉತ್ತರ ಕೇಳಿ ಒಂದು ಅಯ್ಯೋ. ಬೆನ್ನಿಗೇ ಸಲಹೆ: "ಡೀಸೆಲ್ ಇಂಜಿನ್ ಕೂರಿಸಿಬಿಡಿ ಸಾರ್."

ಸ್ವಲ್ಪ ಕೇಳಿ. ಇದು ಎರಡನೇ ಮಹಾಯುದ್ಧಕ್ಕೆಂದು ಕೆನಡಾದ ಓಶಾವಾದಲ್ಲಿ ತಯಾರಾದ ಷೆವ್ರೊಲೆ ಮಿಲಿಟರಿ ಟ್ರಕ್. 216 ಕ್ಯೂಬಿಕ್ ಇಂಚು, ಅಂದರೆ ಮೂರೂವರೆ ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಇಂಜಿನ್, 85 ಹಾರ್ಸ್ ಪವರ್, ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಗಾಳಿ-ಪೆಟ್ರೋಲನ್ನು ಹಿಂಡುವ ಪ್ರಮಾಣ, 6.5:1. ಇಷ್ಟು ಕಮ್ಮಿ ಕಂಪ್ರೆಷನ್ ಇರುವುದಕ್ಕೇ ಕಳಪೆ ಪೆಟ್ರೋಲ್ ಹಾಕಿದರೂ ನಾಕ್ ಮಾಡದೆ, ಅಂದರೆ ಒಳಗೆ ಕಟಕಟ ಬಡಿಯದೆ, ಓಡುತ್ತದೆ, ಅದಕ್ಕೇ ಹೆಚ್ಚು ಕುಡಿಯುತ್ತದೆ. ಪಿಸ್ಟನ್ನಿಗೂ ಕ್ರ್ಯಾಂಕಿಗೂ ನಡುವಿನ ಕನೆಕ್ಟಿಂಗ್ ರಾಡಿನ ಬೇರಿಂಗ್ ಬ್ಯಾಬಿಟ್ ಎಂಬ ಮೆದು ಮಿಶ್ರಲೋಹ ಎರಕ ಹೊಯ್ದದ್ದು. ರಾಡಿನ ತುದಿಯ ಡಿಪ್ಪರ್, ಅಂದರೆ ಪುಟ್ಟ ಸೌಟು, ಇಂಜಿನ್ ತಳದ ಸಂಪಿನೊಳಗಿನ ತೊಟ್ಟಿಯಿಂದ ಆಯಿಲ್ ಮೊಗೆದುಕೊಳ್ಳಬೇಕು. ಲಾರಿ ಹಿಂದಿಕ್ಕುವ ಹಟಕ್ಕೆ ಬಿದ್ದು ಒಂದೇ ಸಮ ಎಳೆದರೆ ಬ್ಯಾಬಿಟ್ ಕರಗಿ ರಾಡ್ ಬಡಿಯುತ್ತದೆ. ನಿಧಾನ ಓಡಿಸುವುದು ಶೋಕಿಯಲ್ಲ, ಇಂಜಿನ್ನಿನ ಷರತ್ತು.

ಡೀಸೆಲ್ ಕೂರಿಸಬಹುದು, ಕೂರಿಸಿದವರೂ ಇದ್ದಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಬದಲಾವಣೆ ಬರೆಸಬೇಕು. ಕಾಗದದ ಮಾತು ಬಿಡಿ. ಪೆಟ್ರೋಲ್ ಇಂಜಿನ್ನಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಥ್ರಾಟಲ್ ಮುಚ್ಚಿ ಇಂಜಿನ್ನೇ ಗಾಡಿ ಹಿಡಿಯುತ್ತದೆ. ಹೊಗೆಯ ದಾರಿ ಮುಚ್ಚಿ ಇಂಜಿನ್ ತಡೆಯುವ ಎಕ್ಸಾಸ್ಟ್ ಬ್ರೇಕ್ ಇಲ್ಲದ ಡೀಸೆಲ್ ಅಷ್ಟು ಹಿಡಿಯುವುದಿಲ್ಲ. ಮುಂದಿನ ತೂಕವೂ ಏರಿತು, ಬ್ರೇಕ್ ಡ್ರಮ್ ಮಾತ್ರ ಅದೇ ಹಳೆಯದು. ಲೀಟರಿಗೆ ನಾಲ್ಕು ಕಿಲೋಮೀಟರ್ ಹೆಚ್ಚು ಪಡೆಯಲು ಹೋಗಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವುದು ಹೇಗೆ?

ಇಳಿಯುವಾಗ ನಿಲ್ಲುತ್ತಾ ಅಂತ ಇಷ್ಟು ಜನರಲ್ಲಿ ಒಬ್ಬರೂ ಕೇಳಿಲ್ಲ. ಕೇಳಿದರೆ ಟೀ ಕೊಡಿಸಿ ಹೇಳುತ್ತೇನೆ.

ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯಲ್ಲಿ ಮೊದಲು ಕೆಡುವುದು ವೀಲ್ ಸಿಲಿಂಡರ್, ಅಂದರೆ ಚಕ್ರದೊಳಗೆ ಬ್ರೇಕನ್ನು ಡ್ರಮ್ಮಿಗೆ ಒತ್ತುವ ಸಿಲಿಂಡರ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಮೂಡಿಗೆರೆ-ಸಕಲೇಶಪುರದ ಮಳೆಗಾಲದಲ್ಲಿ ತೇವಕ್ಕೇನು ಬರ? ಆ ನೀರು ಸಿಲಿಂಡರಿನೊಳಗೆ ಗುಳಿ ತಿನ್ನುತ್ತದೆ. ತೆಳು ತುಕ್ಕಾದರೆ ಹೋನ್ ಹೊಡೆದರೆ, ಅಂದರೆ ಒಳಮೈ ಉಜ್ಜಿ ನಯ ಮಾಡಿದರೆ, ಸಾಕು. ಉಗುರು ಸಿಕ್ಕಿಕೊಳ್ಳುವಷ್ಟು ಗುಳಿಯಿದ್ದರೆ ಲೇತಿನಲ್ಲಿ ಬೋರ್ ಮಾಡಿಸಿ ಹಿತ್ತಾಳೆ ಸ್ಲೀವ್ (ಒಳ ಕೊಳವೆ) ಕೂರಿಸಿ ಮೂಲ ಅಳತೆಗೆ ತರಬೇಕು. ಬೋರ್, ಅಂದರೆ ಸಿಲಿಂಡರಿನ ಒಳ ವ್ಯಾಸ, ಇಂಚಿನ ಲೆಕ್ಕದ್ದು. ಒಂದು ಇಂಚೆಂದರೆ 25.4 ಎಂ.ಎಂ. ಅಂಗಡಿಯವರು ಆಯಿಲ್ ಸೋರದಂತೆ ತಡೆಯುವ ರಬ್ಬರ್ ಕಪ್ಪನ್ನು 25ರದ್ದೇ ಕೊಟ್ಟು "ಕೂರುತ್ತೆ ಸಾರ್" ಅಂತಾರೆ. ಕೂರುತ್ತದೆ, ಗಾಳಿಯನ್ನೂ ಎಳೆಯುತ್ತದೆ. ಕಪ್ಪನ್ನು ಪೆಟ್ರೋಲಿನಲ್ಲಿ ತೊಳೆಯಬೇಡಿ, ಗ್ರೀಸ್ ಹಚ್ಚಬೇಡಿ, ಊದಿಕೊಳ್ಳುತ್ತದೆ. ಜೋಡಿಸುವಾಗ ಹೊಸ ಬ್ರೇಕ್ ಆಯಿಲ್ ಸವರಿದರೆ ಆಯಿತು.

ಚಕ್ರ ಬಿಚ್ಚುವ ಮುಂಚೆ ಒಂದು ಮಾತು, ಪಂಕ್ಚರ್ ಅಂಗಡಿ ಹುಡುಗರಿಗೂ ಹೇಳಿ. ಇದರ 16 ಇಂಚಿನ ಡಿಸ್ಕ್, ಅಂದರೆ ಟೈರ್ ಕೂರುವ ಕಬ್ಬಿಣದ ಚಕ್ರ, ಎರಡು ಹೋಳು. ಹಬ್ಬಿನ ಹತ್ತಿರದ ನಟ್ ಸಾಲು ಚಕ್ರವನ್ನು ಹಿಡಿದಿರುವುದು, ಹೊರಗಿನ ಸಾಲು ಹೋಳುಗಳನ್ನು. ಗಾಳಿ ತುಂಬಿರುವಾಗ ಹೊರಗಿನ ಸಾಲಿಗೆ ಪಾನ (ಸ್ಪ್ಯಾನರ್) ಹಾಕಿದರೆ ಹೋಳು ಸಿಡಿದು ಎದೆಗೇ ಬರುತ್ತದೆ. ಟೈರ್ ಬಿಚ್ಚುವುದಿದ್ದರೆ ವಾಲ್ವಿನ ಪಿನ್ ತೆಗೆದು ಗಾಳಿ ಪೂರ್ತಿ ಹೋದ ಮೇಲೇ ಮುಟ್ಟಬೇಕು. ಆ ಹೊರಗಿನ ಸಾಲಿನ ನಟ್‌ಗಳಿಗೆ ಕೆಂಪು ಬಣ್ಣ ಬಳಿದಿಡಿ.

ಡ್ರಮ್ ಎಳೆದಾಗ ಸಿಗುವ ಧೂಳನ್ನು ಕಂಪ್ರೆಸರಿನಲ್ಲಿ ಊದಬೇಡಿ, ಡ್ರಮ್ಮಿಗೆ ಉಜ್ಜುವ ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಆಯಿಲ್ ಕುಡಿದ ಲೈನರನ್ನು ಎಷ್ಟು ತೊಳೆದರೂ ಬಿಸಿಯಾದಾಗ ಮತ್ತೆ ಜಿನುಗಿ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಹೊಸದೇ ಹಾಕಿಸಿ, ಮೊದಲು ಆಯಿಲ್ ಸೋರುವ ಹಬ್ಬಿನ ಸೀಲ್ ಬದಲಿಸಿ. ರಿವೆಟ್ ಹೊಡೆಯುವುದು ನಡುವಿನಿಂದ ತುದಿಗೆ. ತುದಿಗಳಿಂದ ಶುರು ಮಾಡಿದರೆ ನಡುವೆ ಉಬ್ಬುತ್ತದೆ. ಆಮೇಲೆ ಲೈನರಿಗೆ ಸೀಮೆಸುಣ್ಣ ಬಳಿದು ಡ್ರಮ್ಮಿನೊಳಗೆ ತಿಕ್ಕಿ ನೋಡಿ, ಎರಡು ತುದಿಯಲ್ಲಿ ಮಾತ್ರ ಸುಣ್ಣ ಅಳಿಸಿದ್ದರೆ ಉಜ್ಜಿ ಕೂರಿಸಬೇಕು.

ಬ್ರೇಕ್ ತಾನಾಗಿ ಬಿಗಿಯುವ ಕಾಯಿಲೆಗೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಬ್ರೇಕ್ ಆಯಿಲಿನ ರಬ್ಬರ್ ಹೋಸ್ ಹೊರಗೆ ಚೆನ್ನಾಗಿದ್ದು ಒಳಗೆ ಊದಿರುತ್ತದೆ. ಒತ್ತಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ಇನ್ನೊಂದು, ಪೆಡಲಿಗೆ ಪ್ಲೇ, ಅಂದರೆ ಬ್ರೇಕ್ ಹಿಡಿಯುವ ಮುಂಚಿನ ಸಡಿಲು, ಇಲ್ಲದಿರುವುದು. ಸುಮಾರು ಅರ್ಧ ಇಂಚು ಬೇಕೇ ಬೇಕು. ಇಲ್ಲದಿದ್ದರೆ ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರಿನ ಸಣ್ಣ ತೂತು ಮುಚ್ಚೇ ಇರುತ್ತದೆ. ಬಿಸಿಗೆ ಹಿಗ್ಗಿದ ಆಯಿಲಿಗೆ ಹೊರಬರಲು ದಾರಿಯಿಲ್ಲ, ಹತ್ತು ತಿರುವು ದಾಟುವುದರಲ್ಲಿ ಡ್ರಮ್ ಹೊಗೆಯಾಡುತ್ತದೆ.

ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ 205 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರು ಹೀರಿದ್ದಾದರೆ ಭರವಸೆ 140 ಡಿಗ್ರಿವರೆಗೆ ಮಾತ್ರ. ಕುದಿದರೆ ಪೈಪಿನಲ್ಲಿ ಆವಿ, ಪೆಡಲ್ ನೆಲಕ್ಕೆ. ತಣಿದ ಮೇಲೆ ಪೆಡಲ್ ಮತ್ತೆ ಗಟ್ಟಿ, ಗ್ಯಾರೇಜಿಗೆ ಒಯ್ದರೆ "ಏನೂ ಇಲ್ವಲ್ಲಾ" ಅಂತಾರೆ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಪೂರ್ತಿ ಬದಲಿಸಿ. ಬ್ರೇಕ್ ಪೈಪಿನ ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರ ಮೊದಲು.

ಗೇರ್ ಬಾಕ್ಸಿಗೆ ಸಿಂಕ್ರೊ, ಅಂದರೆ ಹಲ್ಲುಗಳ ವೇಗ ತಾನೇ ಹೊಂದಿಸುವ ವ್ಯವಸ್ಥೆ, ಇಲ್ಲ, ಎರಡು ಸಲ ಕ್ಲಚ್ ಒತ್ತಿ ಹಾಕಬೇಕು. ಇಳಿಜಾರಿನ ನಡುವೆ ಗೇರ್ ಇಳಿಸಲು ಹೋಗಿ ಹಲ್ಲು ಸಿಗದಿದ್ದರೆ ಗಾಡಿ ನ್ಯೂಟ್ರಲ್. ಹಾಗಾಗಿ ಘಾಟಿಯ ನೆತ್ತಿಯಲ್ಲೇ ನಿಲ್ಲಿಸಿ ಎರಡನೇ ಗೇರ್ ಹಾಕಿ ಹೊರಡಬೇಕು. ಅದಕ್ಕೂ ಮುಂಚೆ ಪೆಡಲನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಿಡಿದು ನೋಡಿ. ಕಾಲಿನ ಕೆಳಗೆ ಮೆಲ್ಲಗೆ ಇಳಿದರೆ ಮಾಸ್ಟರಿನ ಕಪ್ ಸೋರುತ್ತಿದೆ, ಇಲ್ಲವೇ ಎಲ್ಲೋ ಲೀಕ್ ಇದೆ. ಗಾಡಿ ತಿರುಗಿಸಿ ವಾಪಸ್ ಹೊರಡಿ.