ಉಮ್ಮನ ರೌಳಾ ಭೇಟಿಗೆ ನಮ್ಮ ಸಿದ್ಧತೆ

ಬರುವ ಚಳಿಗಾಲದಲ್ಲಿ ಉಮ್ಮನನ್ನು, ಅಂದರೆ ನನ್ನ ತಾಯಿಯನ್ನು, ಮಕ್ಕಾ ಯಾತ್ರೆಯಾದ ಉಮ್ರಾಕ್ಕೆ ಕರೆದುಕೊಂಡು ಹೋಗುವುದೆಂದು ಮನೆಯಲ್ಲಿ ನಿಶ್ಚಯವಾದ ರಾತ್ರಿಯೇ ಅವರು ನನ್ನನ್ನು ಹತ್ತಿರ ಕರೆದು, “ರೌಳಾದ ಒಳಗೆ ಹೋಗಿ ಎರಡು ರಕಅತ್ ನಮಾಝ್ ಮಾಡಲು ನನಗೆ ಆಗಬಹುದಾ?” ಎಂದು ಕೇಳಿದರು. ಖಂಡಿತ ಆಗುತ್ತದೆ ಎಂದು ನಾನು ಆ ಕ್ಷಣಕ್ಕೆ ಹೇಳಿಬಿಟ್ಟೆ. ಆದರೆ ಮದೀನಾದ ಪ್ರವಾದಿ ಮಸೀದಿಯೊಳಗಿನ ಆ ಸ್ಥಳಕ್ಕೆ ಗಂಡಸರಿಗೂ ಹೆಂಗಸರಿಗೂ ಪ್ರವೇಶದ ಸಮಯ ಬೇರೆ ಬೇರೆಯಾಗಿರುವುದರಿಂದ, ಇಡೀ ಪ್ರಯಾಣದಲ್ಲಿ ಉಮ್ಮನ ಕೈ ಹಿಡಿದುಕೊಂಡೇ ಇರಬೇಕೆಂದುಕೊಂಡಿದ್ದ ನಾನು ಅವರು ಅತಿಯಾಗಿ ಹಂಬಲಿಸುವ ಆ ಒಂದು ಜಾಗಕ್ಕೆ ಮಾತ್ರ ಜೊತೆಯಲ್ಲಿ ಹೋಗಲಾರೆ. ಕಳೆದ ಎರಡು ತಿಂಗಳಿಂದ ನಾನು ಮಾಡುತ್ತಿರುವ ಸಿದ್ಧತೆಯೆಲ್ಲ ಈ ಒಂದು ಸಂಗತಿಯ ಸುತ್ತಲೇ ಇದೆ.

ನಮ್ಮ ಕರಾವಳಿಯಲ್ಲಿ ರೌಳಾ ಶರೀಫ್ ಎಂದರೆ ಪ್ರವಾದಿಯವರ ಸಮಾಧಿಯೆಂದೇ ಸಾಮಾನ್ಯ ತಿಳಿವಳಿಕೆ. ಆದರೆ ಮದೀನಾದಲ್ಲಿ ಪರವಾನಗಿ ಪಡೆದು ಪ್ರವೇಶಿಸುವುದು ಅದಕ್ಕೆ ತಾಗಿಕೊಂಡಿರುವ ಜಾಗಕ್ಕೆ. “ನನ್ನ ಮನೆಗೂ ನನ್ನ ಮಿಂಬರಿಗೂ ನಡುವೆ ಇರುವುದು ಸ್ವರ್ಗದ ಉದ್ಯಾನಗಳಲ್ಲಿ ಒಂದು” ಎಂಬ ಪ್ರವಾದಿವಚನ ಬುಖಾರಿ ಮತ್ತು ಮುಸ್ಲಿಂ ಹದೀಸ್ ಸಂಗ್ರಹಗಳೆರಡರಲ್ಲೂ ಇದೆ. ಮಿಂಬರ್ ಎಂದರೆ ಪ್ರವಚನ ನೀಡುವ ಪೀಠ. ಆ ಮನೆಯೆಂದರೆ ಪ್ರವಾದಿಯವರ ಪತ್ನಿ ಆಯಿಷಾರ ಕೋಣೆ. ಪ್ರವಾದಿಯವರೂ ಅವರ ಪಕ್ಕದಲ್ಲಿ ಮೊದಲ ಇಬ್ಬರು ಖಲೀಫರಾದ ಅಬೂಬಕ್ಕರ್ ಮತ್ತು ಉಮರ್ ಅವರೂ ಮಲಗಿರುವುದು ಅಲ್ಲಿಯೇ. ಕೋಣೆಯಿಂದ ಮಿಂಬರಿನವರೆಗೆ ಇರುವ ಜಾಗ ಸುಮಾರು 22 ಮೀಟರ್ ಉದ್ದ, 15 ಮೀಟರ್ ಅಗಲ. ನಮ್ಮೂರಿನ ಒಂದು ಸಾಧಾರಣ ಮಸೀದಿಯ ಒಳಭಾಗದಷ್ಟೇ ಇರುವ ಆ ಸ್ಥಳಕ್ಕೆ ಇಡೀ ಜಗತ್ತಿನ ಮುಸಲ್ಮಾನರು ಬಂದು ಹಣೆಯೂರಲು ಬಯಸುತ್ತಾರೆಂಬುದನ್ನು ನೆನೆದರೆ, ಅಲ್ಲಿ ಸಮಯ ನಿಗದಿಪಡಿಸಿರುವುದು ಏಕೆಂದು ಯಾರೂ ವಿವರಿಸಬೇಕಾಗಿಲ್ಲ.

ನಾನು ಸೌದಿಯ ಜುಬೈಲ್‌ನಲ್ಲಿ ಕೆಲಸಕ್ಕಿದ್ದ ಕಾಲದಲ್ಲಿ ಗೆಳೆಯರೊಂದಿಗೆ ಬಸ್ಸಿನಲ್ಲಿ ಮದೀನಾಕ್ಕೆ ಹೋಗಿ, ನಡುರಾತ್ರಿ ಜನರ ನಡುವೆ ಒತ್ತಿಕೊಂಡು ಒಳಹೊಕ್ಕಿದ್ದೆ. ಹೊರಗಿನ ಕೆಂಪು ಜಮಖಾನೆ ಮುಗಿದು ಕಾಲ ಕೆಳಗೆ ಹಸಿರು ಜಮಖಾನೆ ಬಂದಾಗಲೇ ತಲುಪಿದೆನೆಂದು ತಿಳಿದದ್ದು. ಆಗ ಪರವಾನಗಿ ಇರಲಿಲ್ಲ. ತಾಳ್ಮೆ ಮತ್ತು ತೋಳಬಲ ಇದ್ದರೆ ಸಾಕಾಗಿತ್ತು. ಅರುವತ್ತೆಂಟರ ಉಮ್ಮ ಆ ನೂಕುನುಗ್ಗಲಿನಲ್ಲಿ ನಿಲ್ಲುವುದನ್ನು ನನ್ನಿಂದ ಊಹಿಸಲೂ ಆಗುವುದಿಲ್ಲವಾದ್ದರಿಂದ, ಈಗಿನ ವ್ಯವಸ್ಥೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಈಗ ನುಸುಕ್ ಎಂಬ ಆ್ಯಪ್‌ನಲ್ಲಿ ದಿನ ಮತ್ತು ವೇಳೆಯನ್ನು ಕಾಯ್ದಿರಿಸಿ, ಬಾಗಿಲಲ್ಲಿ ಕ್ಯೂಆರ್ ಕೋಡ್ ತೋರಿಸಿ ಒಳಗೆ ಹೋಗಬೇಕು. ಒಮ್ಮೆ ಹೋದವರು ಮುಂದಿನ ಪರವಾನಗಿಗೆ 365 ದಿನ ಕಾಯಬೇಕೆಂಬ ನಿಯಮವನ್ನು 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿದರು. ಹಾಗಾಗಿ ಉಮ್ಮನಿಗೆ ಸಿಗುವುದು ಒಂದೇ ಅವಕಾಶವೆಂದು ಲೆಕ್ಕ ಹಾಕಿಯೇ ನಾನು ಮುಂದುವರಿಯುತ್ತಿದ್ದೇನೆ.

ಹೆಂಗಸರ ಸರದಿ ಹೆಚ್ಚಾಗಿ ಸುಬುಹಿ ನಮಾಝಿನ ನಂತರ ಬೆಳಗ್ಗೆ ಮತ್ತು ಇಶಾದ ನಂತರ ರಾತ್ರಿ ಇರುತ್ತದೆ. ಶುಕ್ರವಾರ ಮತ್ತು ರಂಝಾನಿನಲ್ಲಿ ಅದು ಬದಲಾಗುತ್ತದೆ. ನಾನು ಬೆಳಗ್ಗಿನ ವೇಳೆಯನ್ನೇ ಹಿಡಿಯಲು ನಿರ್ಧರಿಸಿದ್ದೇನೆ. ಮದೀನಾದ ಚಳಿಗಾಲದ ರಾತ್ರಿ ಕರಾವಳಿಯವರ ಮೈಗೆ ಹೊಂದುವಂಥದ್ದಲ್ಲ. ಅದಲ್ಲದೆ ದಿನವಿಡೀ ನಮಾಝಿಗೆ ಹೋಗಿ ಬಂದು ದಣಿದ ಮೇಲೆ ಸರತಿಯಲ್ಲಿ ಕೂರುವುದಕ್ಕಿಂತ, ನಿದ್ದೆ ಮುಗಿಸಿ ಎದ್ದ ಶಕ್ತಿಯಲ್ಲಿ ಹೋಗುವುದು ಉಮ್ಮನಿಗೆ ಸುಲಭ.

ಉಮ್ಮನ ಜೊತೆ ಹೋಗುವವಳು ನನ್ನ ಹೆಂಡತಿ. ಈ ವಿಷಯವನ್ನು ನಮ್ಮಲ್ಲಿ ಗಂಡಸರು ಬಾಯಿಬಿಟ್ಟು ಮಾತನಾಡುವುದು ಕಡಿಮೆ, ಆದರೆ ಮಾತನಾಡದಿದ್ದರೆ ತೊಂದರೆ ಅನುಭವಿಸುವವರು ಹೆಂಗಸರೇ ಆದ್ದರಿಂದ ಬರೆಯುತ್ತಿದ್ದೇನೆ: ಮುಟ್ಟಿನ ದಿನಗಳಲ್ಲಿ ಹೆಂಗಸರು ಮಸೀದಿಯೊಳಗೆ ಹೋಗುವುದಿಲ್ಲ. ವಿಮಾನದ ಟಿಕೆಟ್ ನೋಡುವ ಮೊದಲೇ ಕ್ಯಾಲೆಂಡರ್ ಹಿಡಿದು ಅವಳೊಂದಿಗೆ ಕುಳಿತು ದಿನಾಂಕಗಳನ್ನು ಆರಿಸಿದೆವು. ದೇಹ ಲೆಕ್ಕದಂತೆಯೇ ನಡೆಯಬೇಕೆಂದಿಲ್ಲವಲ್ಲ. ಅದಕ್ಕಾಗಿ ಮದೀನಾದಲ್ಲಿ ಐದು ರಾತ್ರಿ ಇರುವುದೆಂದೂ, ಪರವಾನಗಿಯನ್ನು ಕೊನೆಯ ದಿನಕ್ಕೆ ಬಿಡದೆ ನಡುವಿನ ದಿನಕ್ಕೆ ಪಡೆಯುವುದೆಂದೂ ತೀರ್ಮಾನಿಸಿದೆವು. ಅಷ್ಟಾಗಿಯೂ ಅವಳಿಗೆ ಹೋಗಲಾಗದಿದ್ದರೆ ಜೊತೆಗೆ ಹೋಗಲು ನನ್ನ ಚಿಕ್ಕಮ್ಮ ಇದ್ದಾರೆ. ಅವರು ನಮ್ಮೊಂದಿಗೆ ಬರಲು ಒಪ್ಪಿದ ದಿನ ನನ್ನ ತಲೆಯ ಅರ್ಧ ಭಾರ ಇಳಿಯಿತು. ಮೂವರು ಹೆಂಗಸರಿಗೂ ಒಂದೇ ವೇಳೆಯಲ್ಲಿ ಪರವಾನಗಿ ಪಡೆಯಬೇಕು. ವೀಸಾ ಕೈಸೇರಿದ ಕೂಡಲೇ ಅವರವರ ಪಾಸ್‌ಪೋರ್ಟ್ ವಿವರದೊಂದಿಗೆ ಖಾತೆ ತೆರೆದು, ಪರವಾನಗಿಗಳನ್ನು ಕಾಗದದಲ್ಲೂ ಮುದ್ರಿಸಿ ಉಮ್ಮನ ಕೈಚೀಲದಲ್ಲಿ ಇಡುವುದೆಂದು ಬರೆದಿಟ್ಟುಕೊಂಡಿದ್ದೇನೆ.

ಹೋಗಿ ಬಂದ ನೆರೆಮನೆಯ ಹಿರಿಯರೊಬ್ಬರು ಹೆಂಡತಿಗೆ ಒಂದು ಉಪಯುಕ್ತ ವಿಷಯ ತಿಳಿಸಿದರು. ಬಾಗಿಲು ದಾಟಿದೊಡನೆ ರೌಳಾ ಸಿಗುವುದಿಲ್ಲ. ಹೆಂಗಸರನ್ನು ಗುಂಪು ಗುಂಪಾಗಿ ಕೂರಿಸಿ, ಮುಂದಿನ ಗುಂಪು ಹೊರಟಂತೆ ಎಬ್ಬಿಸಿ, ಮತ್ತೆ ಸ್ವಲ್ಪ ಮುಂದೆ ಕೂರಿಸುತ್ತಾರೆ. ಉಮ್ಮನಿಗೆ ನಡೆಯುವುದು ಕಷ್ಟವಲ್ಲ, ನೆಲದಲ್ಲಿ ಕೂತು ಏಳುವುದು ಕಷ್ಟ. ಮನೆಯಲ್ಲಿ ಅವರು ನಮಾಝ್ ಮಾಡುವುದು ಕುರ್ಚಿಯಲ್ಲಿ ಕೂತು. ಗಾಲಿಕುರ್ಚಿ ತೆಗೆದುಕೊಳ್ಳೋಣವೆಂದರೆ, “ಅಲ್ಲಿಗೆ ನಾನು ನಡೆದೇ ಹೋಗಬೇಕು” ಎನ್ನುತ್ತಾರೆ. ಆ ಆಸೆಯನ್ನು ಮುರಿಯಲು ನನಗೆ ಮನಸ್ಸಿಲ್ಲ. ಹಾಗಾಗಿ ಮಡಚಿ ಒಯ್ಯಬಹುದಾದ ಚಿಕ್ಕ ಸ್ಟೂಲ್ ಒಂದನ್ನು ಖರೀದಿಸಿ, ಅದನ್ನು ಒಳಗೆ ಬಿಡದಿದ್ದರೂ ನಡೆಯಲಿ ಎಂದು ದಿನಾಲೂ ಸಂಜೆಯ ಅಸರ್ ನಮಾಝ್ ನಂತರ ಜಗಲಿಯಲ್ಲಿ ಮೊಮ್ಮಗಳ ಭುಜ ಹಿಡಿದು ಕೂತು ಏಳುವ ಅಭ್ಯಾಸ ಮಾಡಿಸುತ್ತಿದ್ದೇವೆ. ಬ್ಯಾರಿ ಮತ್ತು ಕನ್ನಡ ಬಿಟ್ಟರೆ ಅವರಿಗೆ ಬೇರೆ ಭಾಷೆ ಬಾರದು. “ಯಲ್ಲಾ, ಹಜ್ಜಾ” ಎಂದು ಕಾವಲಿನ ಹೆಂಗಸರು ಗಟ್ಟಿಯಾಗಿ ಹೇಳಿದರೆ ಅದು ಬೈಗುಳವಲ್ಲ, ಮುಂದೆ ನಡೆಯಿರಿ ಎಂದು ಅರ್ಥ ಎಂಬುದನ್ನೂ ತಿಳಿಸಿದ್ದೇನೆ. ಒಳಗೆ ಸಿಗುವುದು ಕೆಲವೇ ನಿಮಿಷ. ಕಂಬಗಳ ಹೆಸರು, ಚಿನ್ನದ ಜಾಲರಿ, ಫೋಟೋ ಇವುಗಳಲ್ಲಿ ಗಮನ ಹೋಗದೆ, ಸಿಕ್ಕ ಜಾಗದಲ್ಲಿ ಮೊದಲು ಎರಡು ರಕಅತ್ ಮುಗಿಸಿ, ಸಮಯ ಉಳಿದರೆ ದುಆ (ಪ್ರಾರ್ಥನೆ) ಮಾಡಬೇಕೆಂದು ಹೆಂಡತಿಯೂ ಉಮ್ಮನೂ ಮಾತಾಡಿಕೊಂಡಿದ್ದಾರೆ.

ಮೊದಲು ಮಕ್ಕಾವೋ ಮದೀನಾವೋ ಎಂಬ ಚರ್ಚೆಯೂ ನಡೆಯಿತು. ರೌಳಾ ಭೇಟಿ ಉಮ್ರಾದ ವಿಧಿಗಳಲ್ಲಿ ಸೇರಿಲ್ಲ, ಯಾವುದನ್ನು ಮೊದಲು ಮಾಡಿದರೂ ಸರಿಯೇ. ವಿಮಾನ ಇಳಿದ ದಣಿವಿನಲ್ಲೇ ಕಅಬಾದ ಸುತ್ತ ನಡೆಯುವ ತವಾಫ್ ಮತ್ತು ಸಫಾ–ಮರ್ವಾ ಗುಡ್ಡಗಳ ನಡುವೆ ನಡೆಯುವ ಸಈ ಮಾಡಿ ಕಾಲು ಬಾತುಕೊಂಡರೆ ಆಮೇಲೆ ಮದೀನಾದಲ್ಲಿ ಉಮ್ಮ ಕೋಣೆಯಲ್ಲೇ ಮಲಗಬೇಕಾದೀತು. ಆದ್ದರಿಂದ ಮದೀನಾವೇ ಮೊದಲು. ಅಲ್ಲಿಂದ ಹೊರಡುವಾಗ ಊರಿನ ಹೊರಗಿನ ದುಲ್‌ಹುಲೈಫಾದಲ್ಲಿ ಉಮ್ರಾದ ವ್ರತಸ್ಥಿತಿಯಾದ ಇಹ್ರಾಮ್‌ಗೆ ಪ್ರವೇಶಿಸಿ ಮಕ್ಕಾಕ್ಕೆ ರೈಲಿನಲ್ಲಿ ಹೋಗಬೇಕೋ ಕಾರಿನಲ್ಲಿ ಹೋಗಬೇಕೋ ಎಂಬುದನ್ನು ಲೆಕ್ಕ ಹಾಕಿದಾಗ, ದಾರಿಯಲ್ಲೇ ನಿಲ್ಲಿಸಬಹುದಾದ ಕಾರು ನಮಗೆ ಅನುಕೂಲವೆನಿಸಿತು. ಮದೀನಾದಲ್ಲಿರುವಾಗ ಶನಿವಾರ ಅಲ್ಲಿನ ಕುಬಾ ಮಸೀದಿಗೆ. ಪ್ರವಾದಿಯವರು ಶನಿವಾರಗಳಂದು ನಡೆದೋ ಸವಾರಿಯಲ್ಲೋ ಅಲ್ಲಿಗೆ ಹೋಗುತ್ತಿದ್ದರು. ಭಾನುವಾರ ಬೆಳಗ್ಗೆ ರೌಳಾ.

ಊರಿನಲ್ಲಿ ಸುದ್ದಿ ಹರಡಿದಂತೆ ಸಲಾಂ ಒಪ್ಪಿಸಲು ಬರುವವರು ಹೆಚ್ಚಾಗಿದ್ದಾರೆ. “ರೌಳಾದಲ್ಲಿ ನನ್ನ ಹೆಸರು ಹೇಳಿ ಸಲಾಂ ತಲುಪಿಸಿ” ಎಂದು ಹೇಳಿ, ಉಮ್ಮನ ಕೈಯನ್ನು ಎರಡೂ ಕೈಗಳಿಂದ ಹಿಡಿದು ಕೆಲವರು ಅತ್ತೇಬಿಡುತ್ತಾರೆ. ಉಮ್ಮ ಎಲ್ಲವನ್ನೂ ನೆನಪಿಡುತ್ತೇನೆ ಎನ್ನುತ್ತಾರೆ. ಮಗಳು ಹಳೆಯ ನೋಟ್‌ಬುಕ್‌ನಲ್ಲಿ ಹೆಸರುಗಳನ್ನು ಬರೆಯುತ್ತಿದ್ದಾಳೆ. ಗಂಡಸರು ಬಾಬುಸ್ಸಲಾಂ ಬಾಗಿಲಿನಿಂದ ಒಳಬಂದು ಸಮಾಧಿಯ ಎದುರಿನಿಂದಲೇ ಹಾದುಹೋಗುತ್ತಾ ಸಲಾಂ ಹೇಳಬಹುದು, ಅದಕ್ಕೆ ಪರವಾನಗಿ ಬೇಕಿಲ್ಲ. ಹೆಂಗಸರಿಗೆ ಆ ದಾರಿ ಇಲ್ಲ, ಅವರು ತಾವಿರುವಲ್ಲಿಂದಲೇ ಹೇಳಬೇಕು. ಇದನ್ನು ಉಮ್ಮನಿಗೆ ತಿಳಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಎದುರಿನಿಂದ ಹೇಳುವುದನ್ನು ನೀನು ಹೇಳು, ಒಬ್ಬರ ಹೆಸರೂ ಬಿಡಬೇಡ” ಎಂದರು. ನನ್ನ ಸ್ವಂತ ರೌಳಾ ಪರವಾನಗಿಯನ್ನು ಬೇರೆ ದಿನಕ್ಕೆ ನೋಡಿಕೊಳ್ಳುತ್ತೇನೆ. ಭಾನುವಾರ ಅವರು ಒಳಗಿರುವಷ್ಟೂ ಹೊತ್ತು ಹೊರಗಿನ ಅಂಗಳದಲ್ಲಿ, ಮೊದಲೇ ತೋರಿಸಿಟ್ಟ ಒಂದು ಕೊಡೆಯ ಕಂಬದ ಬುಡದಲ್ಲಿ ನಾನು ಕೂತಿರುತ್ತೇನೆ. ಆ ಅಂಗಳದಲ್ಲಿ ಒಂದೇ ಬಗೆಯ 250 ದೊಡ್ಡ ಕೊಡೆಗಳಿರುವುದರಿಂದ ಹತ್ತಿರದ ಬಾಗಿಲಿನ ಸಂಖ್ಯೆಯನ್ನು ಉಮ್ಮನ ಕೈಚೀಲದ ಚೀಟಿಯಲ್ಲಿ ಬರೆಯಬೇಕು. ಚೀಟಿಯಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಮದೀನಾ ತಲುಪಿದ ಮೊದಲ ಸಂಜೆ ಉಮ್ಮನನ್ನು ಕರೆದುಕೊಂಡು ಹೋಗಿ, ಬಾಗಿಲು ತೋರಿಸಿ, ಅವರ ಎದುರಿನಲ್ಲೇ ತುಂಬಿಸುತ್ತೇನೆ.